ಹಳೆಯ ಗಾಡಿಗೆ ಹೊಸ ಪೆಟ್ರೋಲು

ಹಳೆಯ ಮೋಟಾರು ಗಾಡಿಯೊಂದನ್ನು ಮತ್ತೆ ಹೊಸದರಂತೆ ಮಾಡಹೊರಟವರು ಮೊದಲು ಬಣ್ಣದ ಮಾತನ್ನೆತ್ತುತ್ತಾರೆ, ಆಮೇಲೆ ಟೈರಿನದು, ಕೊನೆಗೆ ಯಂತ್ರದ್ದು. ಟಾಕಿಯಿಂದ ಯಂತ್ರದವರೆಗೆ ಪೆಟ್ರೋಲನ್ನು ಒಯ್ಯುವ, ಕಿರುಬೆರಳಿನಷ್ಟೂ ದಪ್ಪವಿಲ್ಲದ ನಳಿಗೆಯ ಮಾತನ್ನೆತ್ತುವವರು ವಿರಳ. ಅದು ಚಾಸಿಯ ಅಡಿಯಲ್ಲಿ ಕೆಸರಿನ ಮರೆಯಲ್ಲಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಬೆಲೆ ಅಲ್ಪವಾದುದರಿಂದ ಮನಸ್ಸಿಗೂ ಬರುವುದಿಲ್ಲ. ಆದರೆ ಗಾಡಿಗೆ ಬೆಂಕಿ ಹತ್ತಿದ ಪ್ರಸಂಗದಲ್ಲಿ ಮೊದಲು ಸಂಶಯಪಡಬೇಕಾದ ಭಾಗಗಳಲ್ಲಿ ಇದೂ ಒಂದು. ಇದರ ಕುರಿತು ಈಗ ಬರೆಯುವುದಕ್ಕೆ ವಿಶೇಷ ಕಾರಣವಿದೆ. ಗಾಡಿ ಹಳೆಯದು, ನಳಿಗೆಯೂ ಹಳೆಯದು. ಅದರೊಳಗೆ ಹರಿಯುವ ಪೆಟ್ರೋಲು ಮಾತ್ರ ಹೊಸದು.

ಹುಬ್ಬಳ್ಳಿ-ಧಾರವಾಡವು ಗಾಡಿಗಳ ಊರು. ಪುಣೆ-ಬೆಂಗಳೂರು ಹೆದ್ದಾರಿಯು ಇದರ ಮಗ್ಗುಲಲ್ಲೇ ಹಾದುಹೋಗುತ್ತದೆ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ಬಸ್ಸು ಕಟ್ಟುವ ದೊಡ್ಡ ಕಾರ್ಖಾನೆ ಧಾರವಾಡದ ಬಳಿಯಲ್ಲಿದೆ. ಇಂತಹ ಊರಿನಲ್ಲಿ ಹಳೆಯ ಗಾಡಿಯನ್ನು ಯಾರೂ ಸುಲಭವಾಗಿ ಗುಜರಿಗೆ ಹಾಕುವುದಿಲ್ಲ. ಯುದ್ಧಕಾಲದ ವಿಲ್ಲಿಸ್ ಜೀಪಿನ ಮಾದರಿಯನ್ನು ಮಹೀಂದ್ರಾ ಕಂಪನಿಯು ನಮ್ಮ ದೇಶದಲ್ಲಿ ಹಲವು ದಶಕ ಮುಂದುವರಿಸಿತು. ಹಿಂಭಾಗಕ್ಕೆ ತೆರೆದ ತೊಟ್ಟಿಯನ್ನು ಕೂರಿಸಿಕೊಂಡು ಪಿಕಪ್ ಗಾಡಿಗಳಾಗಿ ಮಾರ್ಪಟ್ಟ ಅಂತಹ ಜೀಪುಗಳು ಹಲವರಿಗೆ ಹವ್ಯಾಸ, ಕೆಲವರಿಗೆ ಹೊಟ್ಟೆಪಾಡು. ಡೀಸೆಲಿನ ಗಾಡಿಗಳನ್ನು ಬಿಟ್ಟು ಪೆಟ್ರೋಲಿನವುಗಳ ವಿಷಯವನ್ನಷ್ಟೇ ನಾವಿಲ್ಲಿ ಹೇಳುತ್ತೇವೆ.

ಒಂದು ಬೇಸಿಗೆಯ ಮಧ್ಯಾಹ್ನ ಪರಿಚಿತರೊಬ್ಬರ ಇಂತಹ ಗಾಡಿಯಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟಿದ್ದೆವು. ಉಣಕಲ್ ಕೆರೆಯನ್ನು ದಾಟುವಷ್ಟರಲ್ಲಿ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಗಾಡಿಯನ್ನು ನಿಲ್ಲಿಸಿ ಬಾನೆಟ್ಟು ಎತ್ತಿ ನೋಡಿದೆವು. ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಲೋಹದ ನಳಿಗೆಯ ಸ್ಥಾನದಲ್ಲಿ ಯಾರೋ ರಬ್ಬರ್ ಪೈಪನ್ನು ತೊಡಿಸಿದ್ದರು. ಅದು ನೆನೆಹಾಕಿದ ಕಡಲೆಯಂತೆ ಉಬ್ಬಿ, ಮೆತ್ತಗಾಗಿ, ಕ್ಲಿಪ್ಪಿನ ಅಂಚಿನಲ್ಲಿ ಹರಿದಿದ್ದಿತು. ಪೆಟ್ರೋಲು ಹನಿಹನಿಯಾಗಿ ಸುಡುವ ಯಂತ್ರದ ಮೇಲೆ ಬೀಳುತ್ತಿದ್ದಿತು. “ಆರು ತಿಂಗಳ ಹಿಂದ ಹೊಸಾದು ಹಾಕಿಸೇನ್ರೀ,” ಎಂದು ಅವರು ಬೆರಗಿನಿಂದ ಹೇಳಿದರು. ಚಾಸಿಯ ಕೆಳಗೆ ಬಗ್ಗಿ ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ಲೋಹದ ನಳಿಗೆಯನ್ನು ಬೈಂಡಿಂಗ್ ತಂತಿಯಿಂದ ಬಿಗಿದಿದ್ದರು. ತಂತಿ ಉಜ್ಜಿದಲ್ಲಿ ಲೋಹ ಸವೆದು ಬೆಳ್ಳಿಯಂತೆ ಹೊಳೆಯುತ್ತಿದ್ದಿತು. ಈ ಜೀಪುಗಳಲ್ಲಿ ಪೆಟ್ರೋಲಿನ ಟಾಕಿ ಚಾಲಕನ ಆಸನದ ಕೆಳಗೇ ಇರುತ್ತದೆಂಬುದನ್ನು ವಾಚಕರು ನೆನೆಯಬೇಕು. ಅಂದು ಅನಾಹುತವೇನೂ ಆಗಲಿಲ್ಲ. ಅದಕ್ಕೆ ಕಾರಣ ಅದೃಷ್ಟವೇ ಹೊರತು ನಮ್ಮ ಜಾಣತನವಲ್ಲ.

ಹೊಸ ಪೈಪು ಆರು ತಿಂಗಳಲ್ಲಿ ಹೀಗಾದುದೇಕೆ? ಒಂದು ಜಾತಿಯ ದ್ರವವು ತನ್ನ ಸ್ವಭಾವವನ್ನೇ ಹೋಲುವ ವಸ್ತುವಿನೊಳಗೆ ಸುಲಭವಾಗಿ ಸೇರಿಕೊಳ್ಳುತ್ತದೆಂಬುದು ರಸಾಯನಶಾಸ್ತ್ರದ ಹಳೆಯ ಸೂತ್ರ. ಸೈಕಲ್ ಟ್ಯೂಬಿನ ರಬ್ಬರು ಪೆಟ್ರೋಲಿನಂತೆಯೇ ಇಂಗಾಲ ಮತ್ತು ಜಲಜನಕಗಳ ಸರಪಳಿ. ಆದುದರಿಂದ ಅದು ಪೆಟ್ರೋಲನ್ನು ಹೀರಿ ಊದಿಕೊಳ್ಳುತ್ತದೆ. ಇದನ್ನು ತಡೆಯಲೆಂದೇ ನೈಟ್ರೈಲ್ ರಬ್ಬರನ್ನು ನಿರ್ಮಿಸಿದರು. ಅದರ ಅಣುಗಳಲ್ಲಿ ವಿದ್ಯುದಂಶವು ಒಂದು ಕಡೆಗೆ ವಾಲಿದ ಗುಂಪುಗಳಿರುವುದರಿಂದ ಪೆಟ್ರೋಲಿಗೆ ಅದರೊಡನೆ ಹೊಂದಿಕೆಯಿಲ್ಲ. ಆದರೆ ಎಥೆನಾಲಿನ ಅಣುವಿಗೂ ಇಂತಹುದೇ ವಾಲಿಕೆಯುಂಟು. ಪೆಟ್ರೋಲಿಗೆ ಮುಚ್ಚಿದ್ದ ಬಾಗಿಲು ಎಥೆನಾಲಿಗೆ ತೆರೆಯುತ್ತದೆ. ಎರಡೂ ಬೆರೆತಾಗ ಸಾಧಾರಣ ದರ್ಜೆಯ ಪೈಪು ಹೆಚ್ಚಾಗಿ ಊದುತ್ತದೆ. ರಬ್ಬರನ್ನು ಮೃದುವಾಗಿರಿಸುವ ದ್ರವ್ಯವೂ ಕರಗಿ ಹೊರಹೋಗುತ್ತದೆ. ಗಾಡಿ ಬಹುದಿನ ನಿಂತು ಪೈಪು ಒಣಗಿತೆಂದರೆ ಅದೇ ರಬ್ಬರು ಪೆಡಸಾಗಿ ಬಿರಿಯುತ್ತದೆ.

ಎಥೆನಾಲನ್ನು ಬೆರೆಸಲೇಬಾರದೆಂಬುದು ನಮ್ಮ ವಾದವಲ್ಲ. ಅದನ್ನು ತಯಾರಿಸುವ ಕಬ್ಬು ನಮ್ಮ ನೆರೆಯ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹೊಲಗಳಲ್ಲಿಯೇ ಬೆಳೆಯುತ್ತದೆ. ಹೊರದೇಶದ ಎಣ್ಣೆಗೆ ತೆರುವ ಹಣದಲ್ಲಿ ಒಂದಂಶ ನಮ್ಮ ರೈತನಿಗೆ ಸಲ್ಲುವುದು ಸಂತೋಷದ ಸಂಗತಿ. ಬ್ರೆಜಿಲ್ ದೇಶವು 1975ರಲ್ಲಿಯೇ ಇಂತಹ ರಾಷ್ಟ್ರೀಯ ಯೋಜನೆಯನ್ನು ಕೈಗೊಂಡಿತು. ನಮ್ಮಲ್ಲಿ ಈ ಕಾರ್ಯ 2003ರಲ್ಲಿ ನೂರಕ್ಕೆ 5 ಪಾಲಿನಿಂದ ಆರಂಭವಾಗಿ, 2022ರಲ್ಲಿ 10ಕ್ಕೆ ಏರಿತು. 20 ಪಾಲಿನ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ, 2025ರ ವೇಳೆಗೆ ದೇಶದಲ್ಲೆಲ್ಲ ಹರಡಿತು. ಹೊಸ ಗಾಡಿಗಳನ್ನು ಇದಕ್ಕೆ ತಕ್ಕಂತೆ ಕಾರ್ಖಾನೆಯಲ್ಲಿಯೇ ಸಿದ್ಧಪಡಿಸುತ್ತಾರೆ. ಹಳೆಯ ಗಾಡಿಗೆ ಕಾರ್ಖಾನೆಯೆಂದರೆ ಅದರ ಒಡೆಯನೂ ಗಲ್ಲಿಯ ಮಿಸ್ತ್ರಿಯೂ ಮಾತ್ರ.

ಅವರು ಮಾಡಬೇಕಾದ ಕೆಲಸ ಕಠಿಣವಾದುದಲ್ಲ. ಮೊದಲನೆಯದಾಗಿ, ನಳಿಗೆಯ ಬಹುಭಾಗ ಉಕ್ಕಿನದಾಗಿರಬೇಕು. ಅಲುಗಾಡುವ ಯಂತ್ರಕ್ಕೂ ಅಲುಗದ ಚಾಸಿಗೂ ನಡುವೆ ಮಾತ್ರ ಗೇಣುದ್ದದ ರಬ್ಬರು ಇರಬೇಕು. ತಾಮ್ರದ ಕೊಳವೆ ಸುಲಭವಾಗಿ ಬಾಗುತ್ತದೆಂದು ಅದನ್ನು ಹಾಕುವ ರೂಢಿಯುಂಟು. ಆದರೆ ತಾಮ್ರವು ನಡುಗಿ ನಡುಗಿ ಗಡುಸಾಗಿ, ಜೋಡಣೆಯ ಬಳಿ ಸೀಳುತ್ತದೆ. ಪೆಟ್ರೋಲಿನಲ್ಲಿ ಅಂಟು ಕಟ್ಟುವುದನ್ನೂ ಹೆಚ್ಚಿಸುತ್ತದೆ. ಎರಡನೆಯದಾಗಿ, ಸುಮಾರು 45 ಸೆಂಟಿಮೀಟರಿಗೊಮ್ಮೆ ರಬ್ಬರ್ ಪಟ್ಟಿಯನ್ನು ಒಳಗಿಟ್ಟ ಕ್ಲಿಪ್ಪಿನಿಂದ ನಳಿಗೆಯನ್ನು ಚಾಸಿಗೆ ಬಿಗಿಯಬೇಕು. ಚಾಸಿಯಲ್ಲಿ ತೂತಿನೊಳಗಿಂದ ಹಾಯುವಲ್ಲಿ ರಬ್ಬರಿನ ಬಳೆಯಿರಬೇಕು. ಸಡಿಲವಾದ ನಳಿಗೆ ನಮ್ಮ ರಸ್ತೆಗಳ ಮೇಲೆ ಗರಗಸದ ಬಾಯಿಗೆ ಸಿಕ್ಕಂತೆಯೇ ಸರಿ. ಮೂರನೆಯದಾಗಿ, ಸೈಲೆನ್ಸರಿನ ಕೊಳವೆಯ ಬಳಿ ನಳಿಗೆ ಸುಳಿಯಕೂಡದು. ಬಿಸಿಲಿನಲ್ಲಿ ಘಾಟಿ ಏರುವಾಗ ಗಾಡಿ ನಿಂತುಹೋಗಿ, ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವುದನ್ನು ಕಂಡವರಿದ್ದಾರೆ. ನಳಿಗೆಯೊಳಗೇ ಪೆಟ್ರೋಲು ಕುದಿದು ಆವಿಯಾದುದೇ ಅದಕ್ಕೆ ಕಾರಣ.

ರೋಗದ ಲಕ್ಷಣಗಳನ್ನೂ ಅರಿತಿರಬೇಕು. ಪಂಪಿಗೆ ಹಿಂದಿನ ನಳಿಗೆ ಬಿರುಕು ಬಿಟ್ಟರೆ ಗಾಳಿ ಒಳಸೇರಿ ಯಂತ್ರ ತಡವರಿಸುತ್ತದೆ. ಮುಂದಿನದು ಬಿರುಕು ಬಿಟ್ಟರೆ ಪೆಟ್ರೋಲು ಹೊರಗೆ ಬರುತ್ತದೆ. ಮೊದಲನೆಯದು ಪ್ರಯಾಣವನ್ನು ಕೆಡಿಸೀತು, ಎರಡನೆಯದು ಪ್ರಾಣವನ್ನು ಕಳೆದೀತು. ಎಥೆನಾಲು ನೀರನ್ನು ಹೀರುವುದರಿಂದ, ತಿಂಗಳುಗಟ್ಟಲೆ ನಿಂತ ಗಾಡಿಯ ಟಾಕಿಯ ತಳದಲ್ಲಿ ನೀರು ಬೇರ್ಪಟ್ಟು ತುಕ್ಕು ಹಿಡಿಸುವುದೂ ಉಂಟು.

2025ರ ಆಗಸ್ಟಿನಲ್ಲಿ ಕೇಂದ್ರ ಪೆಟ್ರೋಲಿಯಂ ಸಚಿವಾಲಯವು, ಕೆಲವು ಹಳೆಯ ವಾಹನಗಳಲ್ಲಿ ರಬ್ಬರಿನ ಕೆಲವು ಭಾಗಗಳನ್ನು ಬದಲಿಸಬೇಕಾಗಬಹುದೆಂದೂ ಅದರ ವೆಚ್ಚ ಕಡಮೆಯೆಂದೂ ತಿಳಿಸಿತು. ವೆಚ್ಚದ ಮಾತು ನಿಜ. ಆದರೆ ಯಾವುದನ್ನು ತೆಗೆದು ಯಾವುದನ್ನು ಹಾಕಬೇಕೆಂಬ ತಿಳಿವಳಿಕೆಯು ಹಳೇ ಹುಬ್ಬಳ್ಳಿಯ ಗ್ಯಾರೇಜಿನವರೆಗೆ ಬಾರದಿದ್ದರೆ ಅಗ್ಗದಿಂದ ಬಂದ ಫಲವೇನು? ನಮ್ಮ ಪರಿಚಿತರು ಹಣಕ್ಕೆ ಹಿಂದೆಗೆದವರಲ್ಲ. ಅವರು ಹೊಸ ಪೈಪನ್ನೇ ಹಾಕಿಸಿದ್ದರು. ಅಂಗಡಿಯವನು ಕೊಟ್ಟುದು ಕಪ್ಪು ಪೈಪು, ಅವರು ಕೊಂಡುದೂ ಕಪ್ಪು ಪೈಪು. ಒಳಪದರದಲ್ಲಿ ಫ್ಲೋರಿನ್ ಬೆರೆತ ರಬ್ಬರಿರುವ, ಎಥೆನಾಲಿಗೆ ಜಗ್ಗದ ಪೈಪಿನ ಬಣ್ಣವೂ ಕಪ್ಪೇ. ಅದರ ಮೇಲೆ ಅಚ್ಚಾದ ‘ಜೆ-30 ಆರ್-9’ ಎಂಬ ದರ್ಜೆಯ ಗುರುತೊಂದೇ ಭೇದವನ್ನು ತಿಳಿಸುತ್ತದೆ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ದರ್ಜೆಯೂ ತಯಾರಾದ ವರ್ಷವೂ ಅಚ್ಚಾಗದ ಪೆಟ್ರೋಲ್ ಪೈಪನ್ನು ಮಾರಲು ಆಸ್ಪದವಿರಬಾರದು. ಪೆಟ್ರೋಲ್ ಬಂಕಿನಲ್ಲಿ ಎಥೆನಾಲಿನ ಪ್ರಮಾಣವನ್ನೂ, ಹಳೆಯ ಗಾಡಿಯವರಿಗೆ ಎರಡು ಸಾಲಿನ ಎಚ್ಚರಿಕೆಯನ್ನೂ ಕನ್ನಡದಲ್ಲಿ ಬರೆದಿಡಬೇಕು. ಖಾಸಗಿ ಗಾಡಿಯ ನೋಂದಣಿಯನ್ನು ಹದಿನೈದು ವರ್ಷ ಕಳೆದ ಮೇಲೆ ಐದು ವರ್ಷಕ್ಕೊಮ್ಮೆ ನವೀಕರಿಸಬೇಕಷ್ಟೆ. ಆ ಪರೀಕ್ಷೆಯ ವೇಳೆ ಅಧಿಕಾರಿಗಳು ಚಾಸಿಯ ಕೆಳಗೆ ಬಗ್ಗಿ ಈ ನಳಿಗೆಯನ್ನೊಮ್ಮೆ ನೋಡಬೇಕು. ಅವಳಿ ನಗರದಲ್ಲಿ ತಾಂತ್ರಿಕ ವಿದ್ಯಾಲಯಗಳಿಗೆ ಕೊರತೆಯಿಲ್ಲ. ಅಲ್ಲಿಯ ಅಧ್ಯಾಪಕರು ವರ್ಷಕ್ಕೊಂದು ದಿನ ಮಿಸ್ತ್ರಿಗಳನ್ನು ಕರೆದು, ಊದಿದ ಪೈಪನ್ನೂ ಊದದ ಪೈಪನ್ನೂ ಅವರ ಕೈಗಿತ್ತು ತೋರಿಸಲಿ. ಒಂದು ಗಂಟೆಯ ಆ ಪಾಠವು ಕೈಯಿಂದ ಕೈಗೆ ಹರಡೀತು.

ಇವೆಲ್ಲ ಆಗುವವರೆಗೆ ಒಡೆಯರು ಕಾಯಬೇಕಾಗಿಲ್ಲ. ನಾಳೆ ಬೆಳಗ್ಗೆ, ಯಂತ್ರ ತಣ್ಣಗಿರುವಾಗ, ಬೀಡಿ-ಬೆಂಕಿಗಳನ್ನು ದೂರವಿಟ್ಟು, ಬಾನೆಟ್ಟು ಎತ್ತಿ ರಬ್ಬರ್ ಪೈಪನ್ನು ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ, ಬಿರಿದಿದ್ದರೆ, ಇಲ್ಲವೆ ಬೆರಳಿಗೆ ಪೆಟ್ರೋಲಿನ ವಾಸನೆ ಅಂಟಿದರೆ, ಅಂದು ಗಾಡಿಯನ್ನು ಹೊರಡಿಸಬೇಡಿ.