ಬಣ್ಣ ಬಳಿದ ಗಡಿಯಾರ, ಮುಚ್ಚಿಟ್ಟ ಸತ್ಯ

ಕೀ ಕೊಟ್ಟು ಓಡಿಸುವ ಹಳೆಯ ಎಚ್‌ಎಂಟಿ ಕೈಗಡಿಯಾರಗಳಿಗೆ ಇಂದು ಮತ್ತೆ ಬೇಡಿಕೆ ಬಂದಿದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಇವುಗಳ ತಯಾರಿಕೆ ಆರಂಭವಾಯಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚಲು ಕೇಂದ್ರ ಸಂಪುಟವು ಒಪ್ಪಿಗೆ ನೀಡಿತು. ಅಂದಿನಿಂದ ನಮ್ಮ ತಂದೆ, ಅಜ್ಜಂದಿರ ಜನತಾ, ಪೈಲಟ್ ಗಡಿಯಾರಗಳು ಸಂಗ್ರಾಹಕರ ವಸ್ತುಗಳಾಗಿವೆ. ಬೇಡಿಕೆಯ ಬೆನ್ನಿಗೇ ವಂಚನೆಯೂ ಬಂದಿದೆ.

ಮಾಸಿದ ಡಯಲನ್ನು ಕೆರೆದು, ಕಣ್ಣು ಕುಕ್ಕುವ ಬಣ್ಣ ಬಳಿದು, ಅಕ್ಷರಗಳನ್ನು ಹೊಸದಾಗಿ ಅಚ್ಚೊತ್ತಿ, ನಾಲ್ಕಾರು ಗಡಿಯಾರಗಳ ಬಿಡಿಭಾಗಗಳನ್ನು ಒಂದಾಗಿಸಿ ‘ಅಪರೂಪದ ಮೂಲ ಗಡಿಯಾರ’ವೆಂದು ಮಾರುವವರಿದ್ದಾರೆ. ಪ್ರಶ್ನಿಸಿದರೆ ಅವರ ಉತ್ತರ ಸಿದ್ಧವಾಗಿರುತ್ತದೆ: “ಹಳೆಯ ವಸ್ತು, ನೋಡಿ ಕೊಳ್ಳುವುದು ಗ್ರಾಹಕನ ಹೊಣೆ. ಓಡುತ್ತಿದೆಯಲ್ಲ, ಇನ್ನೇನು ಬೇಕು?”

ಓಡುವುದೇ ಸುಸ್ಥಿತಿಯ ಪುರಾವೆಯೇ? ಎಣ್ಣೆ ಒಣಗಿದ ಗಡಿಯಾರವೂ ಓಡುತ್ತದೆ. ಆದರೆ ಒಳಗಿನ ಚಕ್ರಗಳ ಮೊನೆಗಳು ದಿನದಿನವೂ ಸವೆಯುತ್ತಿರುತ್ತವೆ. ಪೂರ್ತಿ ಕೀ ಕೊಟ್ಟು, ಡಯಲ್ ಮೇಲ್ಮುಖವಾಗಿಟ್ಟು ಯಂತ್ರದಲ್ಲಿ ಪರೀಕ್ಷಿಸಿದಾಗ ಬ್ಯಾಲೆನ್ಸ್ ಚಕ್ರದ ತೂಗು ಸುಮಾರು 250ರಿಂದ 300 ಡಿಗ್ರಿಯಷ್ಟಿದ್ದರೆ ಆರೋಗ್ಯದ ಲಕ್ಷಣ. 200ಕ್ಕಿಂತ ಕೆಳಗಿಳಿದರೆ ಅದಕ್ಕೆ ಸರ್ವೀಸ್ ಅಗತ್ಯ. ಭೂತಗನ್ನಡಿಯಲ್ಲಿ ನೋಡಿದಾಗ ಅಕ್ಷರಗಳ ಅಂಚು ದಪ್ಪವಾಗಿ ಒಸರಿದ್ದರೆ, ನಿಮಿಷದ ಗೆರೆಗಳು ಅಂಕುಡೊಂಕಾಗಿದ್ದರೆ, ಅದು ಮರುಬಣ್ಣದ ಡಯಲ್ ಆಗಿರುವ ಸಂಭವವೇ ಹೆಚ್ಚು. ಹಿಂಬದಿಯ ಕೊರೆದ ಅಕ್ಷರಗಳು ಅಳಿಸಿಹೋಗಿದ್ದರೆ, ಕೇಸಿನ ಅಂಚುಗಳು ಉರುಟಾಗಿದ್ದರೆ, ಪಾಲಿಶ್ ಲೋಹವನ್ನೇ ತಿಂದುಹಾಕಿದೆ. ಸಂಗ್ರಾಹಕರು ಬೆಲೆ ಕೊಡುವುದು ಹೊಳಪಿಗಲ್ಲ, ಮೂಲರೂಪಕ್ಕೆ. ಆದುದರಿಂದಲೇ ಮಾಸಿದರೂ ಮೂಲವಾದ ಡಯಲ್, ಮಿರುಗುವ ಮರುಬಣ್ಣದ ಡಯಲಿಗಿಂತ ಬೆಲೆಯುಳ್ಳದ್ದು.

ಇವೆಲ್ಲವೂ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಅನ್ಯಾಯ ಇರುವುದು ಇಲ್ಲೇ. ಪ್ರವಾದಿ(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳಿಗೆ ತೇವ ತಾಗಿದ ಘಟನೆ ನಮಗೆಲ್ಲ ತಿಳಿದದ್ದೇ. ಮಳೆಗೆ ನೆನೆದದ್ದು ವ್ಯಾಪಾರಿಯ ತಪ್ಪಲ್ಲ, ಒದ್ದೆಯನ್ನು ಅಡಿಯಲ್ಲಿ ಮುಚ್ಚಿಟ್ಟದ್ದು ತಪ್ಪು. ಡಯಲಿಗೆ ಬಣ್ಣ ಬಳಿಯುವುದೂ ಹಾಗೆಯೇ. ಬಳಿದದ್ದು ಅಪರಾಧವಲ್ಲ, ಮರೆಮಾಚಿದ್ದು ಅಪರಾಧ. ಗುಪ್ತ ದೋಷವಿರುವ ಸರಕನ್ನು ಹಿಂತಿರುಗಿಸುವ ಹಕ್ಕನ್ನು ಕರ್ಮಶಾಸ್ತ್ರವು ಗ್ರಾಹಕನಿಗೆ ನೀಡಿರುವಾಗ, ‘ಒಮ್ಮೆ ಮಾರಿದ ಮೇಲೆ ನನ್ನ ಹೊಣೆಯಲ್ಲ’ ಎನ್ನಲು ವ್ಯಾಪಾರಿಗೆ ಬಾಯಿ ಹೇಗೆ ಬರುತ್ತದೆ?

ಈ ವಂಚನೆಗೆ ಇನ್ನೊಂದು ಮುಖವೂ ಇದೆ. ಮರಣ ಸಂಭವಿಸಿದ ಮನೆಗೆ ಬಂದು, ಬೆಲೆ ಚೆನ್ನಾಗಿ ಬಲ್ಲವನೇ “ಇದು ಗುಜರಿ” ಎಂದು ವಿಧವೆಯ ಕೈಗೆ ಚಿಲ್ಲರೆ ಹಣವಿತ್ತು ಗಡಿಯಾರ ಒಯ್ಯುತ್ತಾನೆ. ಅಣ್ಣನೊಬ್ಬನು “ಅಪ್ಪನ ನೆನಪಿಗೆ” ಎಂದು ಅದನ್ನು ಜೇಬಿಗಿಳಿಸಿ, ತಂಗಿಯಂದಿರ ಪಾಲಿನ ಲೆಕ್ಕವನ್ನೇ ಮರೆಯುತ್ತಾನೆ. ಚಿಕ್ಕದಾದರೂ ಅದು ವಾರಸುದಾರರೆಲ್ಲರ ಸೊತ್ತಲ್ಲವೇ? ನೆನಪು ಒಬ್ಬನದಾಗಬಹುದು, ಬೆಲೆ ಎಲ್ಲರದು.

ಆದುದರಿಂದ ಮನೆಯಲ್ಲಿ ಹಳೆಯ ಗಡಿಯಾರವಿದ್ದರೆ ಅಂದ ಹೆಚ್ಚಿಸಲೆಂದು ಪಾಲಿಶಿಗೆ, ಬಣ್ಣಕ್ಕೆ ಕೊಡಬೇಡಿ. ಅನುಭವಿ ದುರಸ್ತಿಗಾರನಿಂದ ಹಿಂಬದಿ ತೆರೆಸಿ ನೋಡಿ. ಮಾರುವವರು ಕೇಳುವ ಬೆಲೆಯನ್ನಲ್ಲ, ಅಂಥದೇ ಗಡಿಯಾರ ನಿಜವಾಗಿ ಮಾರಾಟವಾದ ಬೆಲೆಯನ್ನು ವಿಚಾರಿಸಿ. ಮಾರುವುದಾದರೆ ಬದಲಾದ ಭಾಗ ಯಾವುದು, ಬಣ್ಣ ಮೂಲದ್ದೋ ಅಲ್ಲವೋ, ಕೊನೆಯ ಸರ್ವೀಸ್ ಎಂದು ಎಂಬುದನ್ನು ಕೇಳುವ ಮೊದಲೇ ಹೇಳಿಬಿಡಿ. ಅದರಿಂದ ನಾಲ್ಕು ಕಾಸು ಕಡಿಮೆಯಾಗಬಹುದು. ಆದರೆ ಮನೆಗೆ ಬರುವ ಹಣ ಹಲಾಲ್ ಆಗಿರುತ್ತದೆ.