ವಿಶೇಷ ಶಾಲೆಯ ‘ಕಳಪೆ ಫಲಿತಾಂಶ’: ಆ ಅಂಕಿ ನಿಜವಾಗಿ ಹೇಳುವುದೇನು?

ಅಮೆರಿಕದಲ್ಲಿರುವ ಕನ್ನಡಿಗರು ಮನೆ ಹುಡುಕುವಾಗ ಮೊದಲು ವಿಚಾರಿಸುವ ಸಂಗತಿಗಳಲ್ಲಿ ಶಾಲೆಯ ರೇಟಿಂಗ್ ಕೂಡ ಒಂದು. ವಾಟ್ಸಾಪ್ ಗುಂಪಿಗೆ ಉತ್ತರವಾಗಿ ಬರುವುದು ಒಂದು ಸ್ಕ್ರೀನ್‌ಶಾಟ್. ಅದರಲ್ಲಿ ಮಕ್ಕಳು ಎಷ್ಟು, ಯಾವ ಜನಾಂಗದವರು ಎಷ್ಟು, ಗಣಿತದಲ್ಲಿ ಪಾಸಾದವರು ಎಷ್ಟು ಎಂಬ ವಿವರ ಇರುತ್ತದೆ. ಆ ಪಟ್ಟಿಯಲ್ಲಿ ಸರ್ಕಾರಿ ವಿಶೇಷ ಶಾಲೆಯೊಂದಿದ್ದರೆ, ಅದರ ಮುಂದೆ ತೀರಾ ಕಡಿಮೆ ಅಂಕಿಯೋ ಖಾಲಿ ಜಾಗವೋ ಕಾಣಬಹುದು. ‘ಇಲ್ಲಿ ಏನೂ ಕಲಿಸುವುದಿಲ್ಲ’ ಎಂದು ಬಿಡುವುದು ಸುಲಭ. ಆದರೆ ಆ ಮಾತನ್ನು ನಂಬಿ ಪಾಲಕರು ತಮ್ಮ ಮಗುವಿಗೆ ಬೇಕಾದ ಶಾಲೆಯನ್ನೇ ಕೈಬಿಡಬಹುದು. ಹಾಗಾದರೆ ಈ ಅಂಕಿಗಳನ್ನು ಓದುವುದು ಹೇಗೆ?

ಇಲ್ಲಿಗೆ ಯಾರು ಬರುತ್ತಾರೆ?

1970ರ ಸುಮಾರಿಗೆ ಅಮೆರಿಕದ ಶಾಲೆಗಳು ಅಂಗವೈಕಲ್ಯವಿರುವ ಐದು ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಶಿಕ್ಷಣ ಕೊಡುತ್ತಿದ್ದವು. 1975ರ ಕಾನೂನು ಈ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣವನ್ನು ಹಕ್ಕಾಗಿಸಿತು. 2022-23ರಲ್ಲಿ ಸುಮಾರು 75 ಲಕ್ಷ ಮಕ್ಕಳು, ಅಂದರೆ ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ಶೇ. 15ರಷ್ಟು, ವಿಶೇಷ ಶಿಕ್ಷಣ ಪಡೆಯುತ್ತಿದ್ದರು.

ಇವರಲ್ಲಿ ಶಾಲಾ ವಯಸ್ಸಿನ ನೂರಕ್ಕೆ ಸುಮಾರು 95 ಮಕ್ಕಳು ಓದುವುದು ಸಾಮಾನ್ಯ ಶಾಲೆಗಳಲ್ಲೇ. ಹಾಗಾಗಿ ಪ್ರತ್ಯೇಕ ವಿಶೇಷ ಶಾಲೆಗೆ ಬರುವವರು ಬಹುಪಾಲು ಹೆಚ್ಚಿನ ನೆರವು ಬೇಕಿರುವ ಮಕ್ಕಳು. ನ್ಯೂಯಾರ್ಕ್ ನಗರದ ‘ಡಿಸ್ಟ್ರಿಕ್ಟ್ 75’ ಇದಕ್ಕೆ ಒಳ್ಳೆಯ ಉದಾಹರಣೆ. ಆಟಿಸಂ, ತೀವ್ರ ಬೌದ್ಧಿಕ ನ್ಯೂನತೆ, ಬಹು ಅಂಗವೈಕಲ್ಯ ಇರುವ ಮಕ್ಕಳಿಗಾಗಿ ಇಡೀ ನಗರದಲ್ಲಿ ನಡೆಯುವ ಸರ್ಕಾರಿ ವ್ಯವಸ್ಥೆ ಇದು. ಇಲ್ಲಿ 6 ಮಕ್ಕಳಿಗೆ ಒಬ್ಬ ಶಿಕ್ಷಕ, ಒಬ್ಬ ಸಹಾಯಕ ಇರುವ ತರಗತಿಗಳಿವೆ. ಬಹು ಅಂಗವೈಕಲ್ಯವಿರುವ ಮಕ್ಕಳ ತರಗತಿಯಲ್ಲಿ 12 ಮಕ್ಕಳಿಗೆ ಒಬ್ಬ ಶಿಕ್ಷಕರ ಜೊತೆ ನಾಲ್ವರು ಸಹಾಯಕರಿರುತ್ತಾರೆ.

ಈ ಶಾಲೆಗಳಲ್ಲಿ ಹುಡುಗರೇ ಹೆಚ್ಚು ಕಾಣುವುದಕ್ಕೂ ಕಾರಣವಿದೆ. ಅಮೆರಿಕದಲ್ಲಿ ಹುಡುಗಿಯರಿಗಿಂತ ಮೂರು ಪಟ್ಟಿಗೂ ಹೆಚ್ಚು ಹುಡುಗರಲ್ಲಿ ಆಟಿಸಂ ಗುರುತಾಗುತ್ತಿದೆ.

ಪರೀಕ್ಷೆಯೇ ಬೇರೆ

ತೀವ್ರ ಬೌದ್ಧಿಕ ನ್ಯೂನತೆಯಿರುವ ಮಕ್ಕಳಿಗೆ ಅಲ್ಲಿ ಪರ್ಯಾಯ ಪರೀಕ್ಷೆ ಇದೆ. 2015ರ ಶಿಕ್ಷಣ ಕಾನೂನಿನ ಪ್ರಕಾರ ಒಂದು ರಾಜ್ಯದಲ್ಲಿ ಪರೀಕ್ಷೆ ಬರೆಯುವ ಒಟ್ಟು ಮಕ್ಕಳಲ್ಲಿ ಶೇ. 1ಕ್ಕಿಂತ ಹೆಚ್ಚು ಮಂದಿ ಇದನ್ನು ತೆಗೆದುಕೊಳ್ಳುವಂತಿಲ್ಲ. ಈ ಮಿತಿ ಇರುವುದು ರಾಜ್ಯಕ್ಕೆ, ಶಾಲೆಗಲ್ಲ. ಒಂದು ವಿಶೇಷ ಶಾಲೆಯ ಬಹುತೇಕ ಮಕ್ಕಳು ಈ ಗುಂಪಿನವರೇ ಆಗಿರಬಹುದು. ಸಾಮಾನ್ಯ ಪರೀಕ್ಷೆಯ ಅಂಕಿಯನ್ನಷ್ಟೇ ತೋರಿಸುವ ಪಟ್ಟಿಯಲ್ಲಿ ಇವರ ಕಲಿಕೆ ಕಾಣಿಸುವುದೇ ಇಲ್ಲ.

ಇನ್ನು ಸಾಮಾನ್ಯ ಪರೀಕ್ಷೆ ಬರೆದವರು 8 ಮಕ್ಕಳು ಎಂದಿಟ್ಟುಕೊಳ್ಳಿ. ಒಬ್ಬ ಮಗು ಜ್ವರದಿಂದ ಪರೀಕ್ಷೆ ಸರಿಯಾಗಿ ಬರೆಯದಿದ್ದರೆ ಶಾಲೆಯ ಫಲಿತಾಂಶ ಒಮ್ಮೆಗೇ ಶೇ. 12.5 ಇಳಿಯುತ್ತದೆ. 800 ಮಕ್ಕಳ ಶಾಲೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಖಾಲಿ ಜಾಗಕ್ಕೂ ‘ಸೊನ್ನೆ’ ಎಂಬ ಅರ್ಥವಿಲ್ಲ. ಗುಂಪು ತೀರಾ ಚಿಕ್ಕದಿದ್ದಾಗ ಯಾವ ಮಗುವಿಗೆ ಎಷ್ಟು ಬಂತು ಎಂಬುದು ಹೊರಬೀಳದಂತೆ ಅಂಕಿಯನ್ನು ಮರೆಮಾಡಲಾಗುತ್ತದೆ.

ಹಾಗಾದರೆ ಶಾಲೆಯನ್ನು ಪ್ರಶ್ನಿಸಬಾರದೇ?

ಖಂಡಿತ ಪ್ರಶ್ನಿಸಬೇಕು. ‘ಪಾಪ, ಇವರಿಂದ ಇಷ್ಟೇ ಸಾಧ್ಯ’ ಎಂದು ಶಾಲೆಯೇ ಕೈಚೆಲ್ಲಿದರೆ ನಷ್ಟ ಮಗುವಿಗೇ. ಜನಾಂಗದ ಅಂಕಿಗಳಿಗೂ ಇಲ್ಲಿ ಒಂದು ಕೆಲಸವಿದೆ. ಯಾವುದೋ ಒಂದು ಜನಾಂಗದ ಮಕ್ಕಳನ್ನೇ ಅಳತೆ ಮೀರಿ ವಿಶೇಷ ಶಿಕ್ಷಣಕ್ಕೆ ಅಥವಾ ಪ್ರತ್ಯೇಕ ತರಗತಿಗಳಿಗೆ ತಳ್ಳಲಾಗುತ್ತಿದೆಯೇ ಎಂದು ರಾಜ್ಯಗಳು ಪರಿಶೀಲಿಸಬೇಕೆಂದು ಕಾನೂನೇ ಹೇಳುತ್ತದೆ.

ಶಾಲೆ ನೋಡಲು ಹೋದಾಗ ಕೇಳಬೇಕಾದ ಪ್ರಶ್ನೆಗಳು ಇವು: ಪ್ರತಿ ಮಗುವಿಗೂ ಬರೆಯುವ ‘ಐಇಪಿ’, ಅಂದರೆ ವೈಯಕ್ತಿಕ ಕಲಿಕಾ ಯೋಜನೆಯ ಗುರಿಗಳಲ್ಲಿ ಎಷ್ಟು ಈಡೇರುತ್ತಿವೆ? ಸ್ಪೀಚ್ ಥೆರಪಿ ಹೇಳಿದಷ್ಟು ಸಿಗುತ್ತಿದೆಯೇ? ಮಕ್ಕಳ ಹಾಜರಾತಿ ಹೇಗಿದೆ? ಸಾಮಾನ್ಯ ತರಗತಿಗೆ ಮರಳಿದವರು ಎಷ್ಟು? ಶಾಲೆ ಮುಗಿಸಿದವರು ಈಗ ಏನು ಮಾಡುತ್ತಿದ್ದಾರೆ?

ನಮ್ಮ ಎಸ್‌ಎಸ್‌ಎಲ್‌ಸಿಗೂ ಇದೇ ಮಾತು

ಫಲಿತಾಂಶದ ದಿನ ‘ಶೇ. 100’, ‘ಶೂನ್ಯ’ ಶಾಲೆಗಳ ಪಟ್ಟಿ ನಮ್ಮಲ್ಲೂ ಸುದ್ದಿಯಾಗುತ್ತದೆ. ಮೂರೋ ನಾಲ್ಕೋ ಮಕ್ಕಳು ಪರೀಕ್ಷೆ ಬರೆದ ವಿಶೇಷ ಶಾಲೆಗೆ ಈ ಎರಡು ಹಣೆಪಟ್ಟಿಗಳಲ್ಲಿ ಯಾವುದು ಬಿದ್ದರೂ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಶೇ. 40 ಅಥವಾ ಹೆಚ್ಚು ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಹೊರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದುವ ಹಕ್ಕು ಕೊಟ್ಟಿದೆ. ಎಲ್ಲಿ ಓದಬೇಕೆಂಬ ಆಯ್ಕೆಯೂ ಅವರದೇ. ಆ ಆಯ್ಕೆಗೆ ನಿಜವಾದ ಮಾಹಿತಿ ಬೇಕು. ಅಲ್ಲಿನ ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂಬ ಪ್ರಶ್ನೆಯಿಂದಲೇ ಶುರು ಮಾಡಬಹುದು.

ಮುಂದಿನ ಬಾರಿ ಇಂತಹ ಪಟ್ಟಿ ನಿಮ್ಮ ಫೋನಿಗೆ ಬಂದಾಗ, ಎಷ್ಟು ಮಕ್ಕಳು ಬರೆದರು, ಯಾವ ಪರೀಕ್ಷೆ ಬರೆದರು ಎಂದು ಮೊದಲು ನೋಡಿ. ಇವೆರಡೂ ಅದರಲ್ಲಿ ಇಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ.