ಬಾಳೆಯ ದಿಂಡೂ ಕಿಣ್ವವಿದ್ಯೆಯೂ

‘ಎನ್‌ಜೈಮ್’ ಎಂಬುದಕ್ಕೆ ಕನ್ನಡದಲ್ಲಿ ‘ಕಿಣ್ವ’ ಎಂಬ ಶಬ್ದವು ರೂಢಿಗೆ ಬಂದಿದೆ. ಇದು ಹೊಸದಾಗಿ ಟಂಕಿಸಿದ ಪದವಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಯನ್ನು ಹುದುಗೆಬ್ಬಿಸುವ ದ್ರವ್ಯಕ್ಕೆ ಕಿಣ್ವವೆಂದೇ ಹೆಸರು. 1877ರಲ್ಲಿ ಜರ್ಮನಿಯ ಕ್ಯೂನೆ ಎಂಬ ವಿಜ್ಞಾನಿಯು ಗ್ರೀಕ್ ಮೂಲದಿಂದ ‘ಎನ್‌ಜೈಮ್’ ಪದವನ್ನು ರಚಿಸಿದಾಗ ಉದ್ದೇಶಿಸಿದ ಅರ್ಥವೂ ‘ಹುದುಗಿನೊಳಗಿರುವುದು’ ಎಂದೇ. ಪದವು ನಮ್ಮಲ್ಲಿ ಪುರಾತನವಾಗಿದ್ದರೂ ವಿದ್ಯೆಯು ಪಠ್ಯಪುಸ್ತಕದ ಪುಟವನ್ನು ದಾಟಿ ನಮ್ಮ ಹೊಲದ ಬದುವಿಗೆ ಬಂದಿಲ್ಲವೆಂಬುದೇ ಖೇದದ ಸಂಗತಿ.

ಚಾಮರಾಜನಗರ, ಗುಂಡ್ಲುಪೇಟೆಗಳ ರೈತನು ಬಾಳೆಯನ್ನು ಬೆಳೆಯುತ್ತಾನೆ. ಹಣ್ಣಿಗೆ ಬೆಲೆಯುಂಟು, ಹಣ್ಣು ಕಳಚಿದ ಗೊನೆಯ ದಿಂಡಿಗೆ ತಿಪ್ಪೆಯೇ ಗತಿ. ಆದರೆ 1996ರಲ್ಲಿ ಕೊಚ್ಚಿಯ ಸಂಶೋಧಕರು ಇದೇ ದಿಂಡಿನ ಮೇಲೆ ಬ್ಯಾಸಿಲಸ್ ಎಂಬ ಸೂಕ್ಷ್ಮಾಣುವನ್ನು ಬೆಳೆಸಿ, ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಅಮೈಲೇಸ್ ಕಿಣ್ವವನ್ನು ಪಡೆದು ತೋರಿಸಿದರು. ನೇಯ್ದ ಬಟ್ಟೆಯ ಗಂಜಿಯನ್ನು ಕಳೆಯಲು ಬೇಕಾಗುವುದು ಈ ಕಿಣ್ವವೇ. ಹಣ್ಣಿನ ರಸವನ್ನು ತಿಳಿಗೊಳಿಸುವ ಪೆಕ್ಟಿನೇಸ್ ಕಿಣ್ವವೂ ಬೂಷ್ಟಿನಿಂದಲೇ ದೊರೆಯುತ್ತದೆ.

ಇದರ ವಿಧಾನವು ಮೂಲತಃ ಸರಳವಾದುದು. ಗೋಧಿಯ ಬೂಸವನ್ನು ನೀರಿನಿಂದ ಹದವಾಗಿ ತೇವಗೊಳಿಸಿ, ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ಯೋಗ್ಯವಾದ ಬೂಷ್ಟಿನ ಬೀಜಕಣಗಳನ್ನು ಬೆರೆಸಿ, ತಟ್ಟೆಗಳಲ್ಲಿ ಹರಡಿ, ಸುಮಾರು 30 ಡಿಗ್ರಿ ಶಾಖದಲ್ಲಿ ಕೆಲವು ದಿನ ಇಡುತ್ತಾರೆ. ಬಳಿಕ ನೀರಿನಲ್ಲಿ ಕಲಸಿ ಸೋಸಿದರೆ ಕಿಣ್ವವು ಇಳಿದು ಬರುತ್ತದೆ. ಜಪಾನಿನ ತಕಾಮಿನೆಯು ಇಂತಹ ಕ್ರಮಕ್ಕೇ 1894ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಪಡೆದನು. ನಮ್ಮಿಂದ ಸುಮಾರು 60 ಕಿಲೋಮೀಟರ್ ದೂರದ ಮೈಸೂರಿನಲ್ಲಿ, 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಈ ವಿದ್ಯೆಯಲ್ಲಿ ವಿಶೇಷ ಪರಿಶ್ರಮ ನಡೆಸಿದೆ. ಅಲ್ಲಿಯ ಬಿ. ಕೆ. ಲೋನ್‌ಸಾನೆಯವರೂ ಸಂಗಡಿಗರೂ 1985ರಲ್ಲಿ ಪ್ರಕಟಿಸಿದ ಪ್ರಬಂಧವು ವಿದ್ವಜ್ಜನರ ಗಮನವನ್ನು ಸೆಳೆಯಿತು.

ಹಾಗೆಂದು ನಾಳೆಯೇ ಪ್ರತಿಯೊಂದು ಕೊಟ್ಟಿಗೆಯೂ ಕಾರ್ಖಾನೆಯಾಗಬೇಕೆಂದು ನಾನು ಹೇಳುತ್ತಿಲ್ಲ. ಕೆಲವು ಬೂಷ್ಟುಗಳು ವಿಷಕಾರಿ. ಅನ್ಯ ಸೂಕ್ಷ್ಮಾಣು ನುಸುಳಿದರೆ ಸರಕೆಲ್ಲ ವ್ಯರ್ಥ. ಶುದ್ಧತೆಯಿಲ್ಲದ ಕಿಣ್ವವನ್ನು ಕೊಳ್ಳುವವರಿಲ್ಲ. ದನಗಳ ಬಾಯಿಯ ಬೂಸ, ತವುಡುಗಳನ್ನು ಕಸಿದುಕೊಳ್ಳುವುದೂ ಧರ್ಮವಲ್ಲ. ಆದುದರಿಂದಲೇ ಮೊದಲು ಬೇಕಾದುದು ಬಂಡವಾಳವಲ್ಲ, ತಿಳಿವಳಿಕೆ.

ಅದು ಶಾಲೆಯಲ್ಲಿಯೇ ಮೊದಲಾಗಲಿ. ಅಕ್ಕಿಯ ಗಂಜಿಗೆ ಅಯೋಡಿನ್ ಬೆರೆಸಿದರೆ ನೀಲಿಯಾಗುವುದು. ಗಂಜಿಗೆ ಜೊಲ್ಲು ಬೆರೆಸಿ ಕೆಲಕಾಲ ಬಿಟ್ಟು ಪರೀಕ್ಷಿಸಿದರೆ ಆ ನೀಲಿ ಕಾಣದು. ಕಿಣ್ವದ ಪ್ರಭಾವವನ್ನು ಮಗುವು ಕಣ್ಣಾರೆ ಕಾಣಲು ಇಷ್ಟು ಸಾಕಲ್ಲವೆ? ಉಪಾಧ್ಯಾಯರು ಇದನ್ನು ಅಚ್ಚಗನ್ನಡದಲ್ಲಿ ಬೋಧಿಸಲಿ. ವಿಜ್ಞಾನ ಓದಿದ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆಯಾದರೂ ಬಂದು ಮಕ್ಕಳೊಡನೆ ಪ್ರಯೋಗ ನಡೆಸಲಿ. ದಾನಿಗಳು ಕಟ್ಟಡದ ಕಲ್ಲಿಗೆ ಕೊಡುವಷ್ಟೇ ಪ್ರೀತಿಯಿಂದ ಒಂದು ಸೂಕ್ಷ್ಮದರ್ಶಕಕ್ಕೂ ಕೊಡಲಿ. ದಿಂಡನ್ನು ತಿಪ್ಪೆಗೆ ಎಸೆಯುವ ಮುನ್ನ ಒಂದು ಕ್ಷಣ ಯೋಚಿಸುವ ರೈತನ ಮಗಳೋ ಮಗನೋ ಈ ಶಾಲೆಯಿಂದ ಹೊರಬಂದರೆ, ಆ ದಾನವು ಸಾರ್ಥಕವಾದಂತೆಯೇ ಸರಿ.